ಸಮರ್ಥನೆಗೆ ನಿಲುಕದ ಕೃತ್ಯ

ಒಂದು ಕೃತ್ಯವನ್ನು ಕುರಿತು ‘ಇದು ಸಮರ್ಥನೀಯವಲ್ಲ’ ಎಂದು ಹೇಳುವುದು ಸುಲಭ. ಸಭೆಗಳಲ್ಲಿ, ವೃತ್ತಪತ್ರಿಕೆಗಳಲ್ಲಿ, ನ್ಯಾಯಾಲಯದ ತೀರ್ಪುಗಳಲ್ಲಿ, ಶಾಲೆಯ ಉಪಾಧ್ಯಾಯರ ಕೊಠಡಿಯಲ್ಲಿಯೂ ಈ ಮಾತು ಆಗಾಗ ಕೇಳಿಬರುತ್ತದೆ. ಆದರೆ ಹಾಗೆ ನುಡಿಯುವವನು ನಿಜವಾಗಿ ಹೇಳುವುದೇನು? ಆ ಕೃತ್ಯಕ್ಕೆ ಕಾರಣವೇ ಇರಲಿಲ್ಲವೆಂದೇ? ಮಾಡಿದವನು ದುಷ್ಟನೆಂದೇ? ಅವನಿಗೆ ಕ್ಷಮೆ ಸಲ್ಲದೆಂದೇ? ಈ ಮೂರರಲ್ಲಿ ಯಾವುದೂ ಅಲ್ಲವೆಂಬುದು ಸ್ವಲ್ಪ ವಿಚಾರಿಸಿದರೆ ತಿಳಿಯುತ್ತದೆ. ನಡೆ ನುಡಿಗಳು ಒಂದಾಗಿರಬೇಕೆಂಬುದನ್ನೇ ಶರಣರು ಧರ್ಮದ ಒರೆಗಲ್ಲಾಗಿ ಇರಿಸಿದ ನಾಡಿನಲ್ಲಿ, ನಡೆ ತಪ್ಪಿದಾಗ ನುಡಿಯು ಅದರ ನೆರವಿಗೆ ಹೇಗೆ ಓಡಿಬರುತ್ತದೆ, ಎಲ್ಲಿಯವರೆಗೆ ಓಡಬಲ್ಲುದು ಎಂಬುದನ್ನು ಪರಿಶೀಲಿಸುವುದು ಅಪ್ರಸ್ತುತವಾಗಲಾರದು.

ಮೊದಲು ಮಾತುಗಳನ್ನು ಬಿಡಿಸಿಕೊಳ್ಳಬೇಕು. ಒಬ್ಬ ವಿದ್ಯಾರ್ಥಿ ತರಗತಿಗೆ ಒಂದು ಗಂಟೆ ತಡವಾಗಿ ಬರುತ್ತಾನೆಂದು ಭಾವಿಸೋಣ. ‘ರಾತ್ರಿ ನಾಟಕ ನೋಡಿ ಮಲಗಿದೆ, ಎಚ್ಚರವಾಗಲಿಲ್ಲ’ ಎಂದರೆ ಅದು ಕೇವಲ ಕಾರಣ. ‘ದಾರಿಯಲ್ಲಿ ಬಿದ್ದಿದ್ದ ಮುದುಕನನ್ನು ಆಸ್ಪತ್ರೆಗೆ ಸೇರಿಸಿ ಬಂದೆ’ ಎಂದರೆ ಅದು ಸಮರ್ಥನೆ; ತಡವಾದುದೇ ಅಲ್ಲಿ ಸರಿಯಾದ ಕೆಲಸ. ‘ಜ್ವರದಲ್ಲಿ ಮೈಮರೆತು ಬಿದ್ದಿದ್ದೆ’ ಎಂದರೆ ಅದು ವಿನಾಯಿತಿಯ ಬೇಡಿಕೆ. ತಡವಾದುದು ತಪ್ಪೇ, ಆದರೆ ಆ ತಪ್ಪು ಅವನ ತಲೆಯ ಮೇಲೆ ಬರತಕ್ಕುದಲ್ಲ. ಇವಾವುವೂ ಇಲ್ಲದೆ ‘ತಪ್ಪಾಯಿತು, ಮನ್ನಿಸಬೇಕು’ ಎಂದರೆ ಅದು ಕ್ಷಮಾಯಾಚನೆ. ನಮ್ಮ ಕಚೇರಿಗಳಲ್ಲಿ ಬಳಕೆಯಲ್ಲಿರುವ ‘ಸಮಜಾಯಿಷಿ’ ಎಂಬ ಪದವು ಈ ನಾಲ್ಕನ್ನೂ ಒಂದೇ ಚೀಲದಲ್ಲಿ ತುಂಬಿಬಿಡುತ್ತದೆ. ಆ ಪದ ಅಷ್ಟೊಂದು ಜನಪ್ರಿಯವಾಗಿರುವುದಕ್ಕೆ ಬಹುಶಃ ಇದೇ ಕಾರಣವಿರಬೇಕು. ಆಕ್ಸ್‌ಫರ್ಡಿನ ದಾರ್ಶನಿಕ ಜೆ. ಎಲ್. ಆಸ್ಟಿನ್ ೧೯೫೬ರಲ್ಲಿ ಮಾಡಿದ ಒಂದು ಪ್ರಸಿದ್ಧ ಉಪನ್ಯಾಸದಲ್ಲಿ ಸಮರ್ಥನೆಗೂ ವಿನಾಯಿತಿಗೂ ಇರುವ ಅಂತರವನ್ನು ಸೂಕ್ಷ್ಮವಾಗಿ ಬಿಡಿಸಿ ತೋರಿಸಿದನು. ಸಮರ್ಥಿಸಿಕೊಳ್ಳುವವನು ಹೊಣೆಯನ್ನು ಒಪ್ಪಿ ಕೃತ್ಯವು ಕೆಟ್ಟದ್ದೆಂಬುದನ್ನು ಅಲ್ಲಗಳೆಯುತ್ತಾನೆ; ವಿನಾಯಿತಿ ಬೇಡುವವನು ಕೃತ್ಯವು ಕೆಟ್ಟದ್ದೆಂದು ಒಪ್ಪಿ ಪೂರ್ಣ ಹೊಣೆಯನ್ನು ಅಲ್ಲಗಳೆಯುತ್ತಾನೆ.

ಭಾರತದ ದಂಡ ಶಾಸನವೂ ಈ ಅಂತರವನ್ನು ಬಲ್ಲುದು. ೧೮೬೦ರ ದಂಡ ಸಂಹಿತೆಯ ‘ಸಾಮಾನ್ಯ ಅಪವಾದಗಳು’ ಎಂಬ ಅಧ್ಯಾಯದಲ್ಲಿ ಏಳು ವರ್ಷದೊಳಗಿನ ಮಗುವಿಗೂ ಬುದ್ಧಿಭ್ರಮಣೆಗೆ ಒಳಗಾದವನಿಗೂ ವಿನಾಯಿತಿಯಿತ್ತು. ಆತ್ಮರಕ್ಷಣೆಗಾಗಿ ಕೈಯೆತ್ತಿದವನಿಗೆ ಹಕ್ಕೇ ಇತ್ತು. ೨೦೨೪ರ ಜುಲೈ ೧ರಿಂದ ಆ ಸಂಹಿತೆಯ ಸ್ಥಾನದಲ್ಲಿ ಜಾರಿಗೆ ಬಂದಿರುವ ಭಾರತೀಯ ನ್ಯಾಯ ಸಂಹಿತೆಯಲ್ಲಿಯೂ ಈ ಅಪವಾದಗಳು ಉಳಿದುಬಂದಿವೆ.

ಹಾಗಾದರೆ ಕಾರಣವು ಬಲವಾಗಿದ್ದು, ಸಂಕಟವು ನಿಜವಾಗಿದ್ದು, ಮಾಡಿದವನು ದುಷ್ಟನಲ್ಲದೆ, ಆದರೂ ಕೃತ್ಯವು ಸಮರ್ಥನೆಗೆ ನಿಲುಕದೆ ಉಳಿಯಬಹುದೇ? ಈ ಪ್ರಶ್ನೆಯನ್ನು ಇಂಗ್ಲೆಂಡಿನ ಒಂದು ನ್ಯಾಯಾಲಯವು ೧೮೮೪ರಲ್ಲಿ ಎದುರಿಸಬೇಕಾಯಿತು. ಅಂದಿನಿಂದ ಇಂದಿನವರೆಗೂ ಕಾನೂನಿನ ವಿದ್ಯಾರ್ಥಿಗಳು ಆ ಮೊಕದ್ದಮೆಯನ್ನು ಓದುತ್ತಲೇ ಬಂದಿದ್ದಾರೆ.

‘ಮಿನ್ಯೊನೆಟ್’ ಎಂಬುದೊಂದು ಸಣ್ಣ ವಿಹಾರನೌಕೆ. ಅದನ್ನು ಇಂಗ್ಲೆಂಡಿನಿಂದ ಆಸ್ಟ್ರೇಲಿಯದ ಸಿಡ್ನಿಗೆ ತಲುಪಿಸುವ ಕೆಲಸವನ್ನು ಟಾಮ್ ಡಡ್ಲಿ ಎಂಬ ಕಪ್ತಾನನು ವಹಿಸಿಕೊಂಡಿದ್ದನು. ಅವನೊಡನೆ ಸ್ಟೀಫನ್ಸ್ ಮತ್ತು ಬ್ರೂಕ್ಸ್ ಎಂಬ ಇಬ್ಬರು ನಾವಿಕರು, ರಿಚರ್ಡ್ ಪಾರ್ಕರ್ ಎಂಬ ಹದಿನೇಳು ವರ್ಷದ ತಬ್ಬಲಿ ಹುಡುಗ. ೧೮೮೪ರ ಜುಲೈ ೫ರಂದು ಆಫ್ರಿಕದ ದಕ್ಷಿಣ ಭೂಶಿರದಿಂದ ೧,೬೦೦ ಮೈಲಿ ದೂರದ ಕಡಲಿನಲ್ಲಿ ಬಿರುಗಾಳಿಗೆ ಸಿಕ್ಕಿ ನೌಕೆ ಮುಳುಗಿತು. ನಾಲ್ವರೂ ತೆರೆದ ಪುಟ್ಟ ದೋಣಿಯೊಂದಕ್ಕೆ ಹಾರಿಕೊಂಡರು. ಅವರಲ್ಲಿದ್ದುದು ಟರ್ನಿಪ್ ಗಡ್ಡೆಯ ಎರಡು ಡಬ್ಬಿಗಳು ಮಾತ್ರ. ಕುಡಿಯುವ ನೀರು ಹನಿಯೂ ಇಲ್ಲ. ನಾಲ್ಕನೆಯ ದಿನ ಒಂದು ಆಮೆ ಸಿಕ್ಕಿತು. ಹನ್ನೆರಡನೆಯ ದಿನದ ವೇಳೆಗೆ ಅದೂ ತೀರಿತು. ಮಳೆ ಬಂದಾಗ ಮೇಲಂಗಿಯಲ್ಲಿ ಹಿಡಿದ ನೀರೇ ನೀರು. ಹದಿನೆಂಟನೆಯ ದಿನದ ಹೊತ್ತಿಗೆ ಏಳು ದಿನ ಅನ್ನವಿಲ್ಲ, ಐದು ದಿನ ನೀರಿಲ್ಲ. ಹುಡುಗನು ತಡೆಯಲಾರದೆ ಕಡಲ ನೀರನ್ನೇ ಕುಡಿದು ದೋಣಿಯ ತಳದಲ್ಲಿ ಬಿದ್ದುಕೊಂಡಿದ್ದನು.

ಒಬ್ಬನು ಸತ್ತು ಉಳಿದವರು ಬದುಕುವ ಮಾತನ್ನು ಡಡ್ಲಿ ಎತ್ತಿದನು. ಚೀಟಿ ಎತ್ತಬೇಕೆಂಬ ಸಲಹೆಯೂ ಬಂದಿತು, ಬ್ರೂಕ್ಸನು ಒಪ್ಪಲಿಲ್ಲ, ಚೀಟಿ ಎತ್ತಲೂ ಇಲ್ಲ. ತಮಗೆ ಹೆಂಡಿರು ಮಕ್ಕಳಿದ್ದಾರೆ, ಈ ಹುಡುಗನಿಗೆ ಯಾರೂ ಇಲ್ಲ, ಅವನು ಹೇಗಿದ್ದರೂ ಮೊದಲು ಸಾಯುವವನು ಎಂದು ಡಡ್ಲಿ ಮತ್ತು ಸ್ಟೀಫನ್ಸ್ ಲೆಕ್ಕ ಹಾಕಿದರು. ಜುಲೈ ೨೫ರಂದು, ಯಾವ ಹಡಗೂ ಕಣ್ಣಿಗೆ ಬೀಳದಿರಲು, ಡಡ್ಲಿ ದೇವರಲ್ಲಿ ತಮ್ಮೆಲ್ಲರಿಗೂ ಕ್ಷಮೆಯನ್ನು ಪ್ರಾರ್ಥಿಸಿ, ಹುಡುಗನ ಬಳಿಗೆ ಹೋಗಿ, ಅವನ ಕಾಲ ಬಂದಿತೆಂದು ಹೇಳಿ, ಚಾಕುವಿನಿಂದ ಕೊಂದನು. ಮೂವರೂ ನಾಲ್ಕು ದಿನ ಆ ದೇಹವನ್ನು ತಿಂದು ಜೀವ ಹಿಡಿದರು; ಬೇಡವೆಂದಿದ್ದ ಬ್ರೂಕ್ಸನೂ ತಿಂದನು. ಜುಲೈ ೨೯ರಂದು ಜರ್ಮನ್ ಹಡಗೊಂದು ಅವರನ್ನು ಎತ್ತಿಕೊಂಡಿತು.

ಸೆಪ್ಟೆಂಬರಿನಲ್ಲಿ ಫಾಲ್ಮತ್ ಬಂದರಿಗೆ ಇಳಿದಾಗ ಡಡ್ಲಿ ಏನನ್ನೂ ಮುಚ್ಚಿಡಲಿಲ್ಲ. ನಡೆದುದನ್ನೆಲ್ಲ ಅಧಿಕಾರಿಗಳ ಮುಂದೆ ತಾನಾಗಿಯೇ ಹೇಳಿದನು. ಕಡಲಿನವರಲ್ಲಿ ಇಂತಹ ಸಂದರ್ಭಕ್ಕೆ ಹಿಂದಿನಿಂದ ಒಂದು ರೂಢಿಯಿದ್ದುದರಿಂದ ತನ್ನನ್ನು ಬಂಧಿಸುವರೆಂದು ಅವನು ನಿರೀಕ್ಷಿಸಿರಲಿಲ್ಲ. ಊರಿನ ಜನರ ಕನಿಕರವೂ ಅವನ ಪರವಾಗಿಯೇ ಇತ್ತು. ಸತ್ತ ಹುಡುಗನ ಅಣ್ಣ, ಅವನೂ ನಾವಿಕನೇ, ನ್ಯಾಯಾಲಯಕ್ಕೆ ಬಂದು ಡಡ್ಲಿಯ ಕೈ ಕುಲುಕಿದನು. ಬ್ರೂಕ್ಸನ ಮೇಲೆ ಆರೋಪ ಹೊರಿಸದೆ ಅವನನ್ನು ಸಾಕ್ಷಿಯಾಗಿ ಮಾಡಿಕೊಂಡು, ಉಳಿದಿಬ್ಬರ ಮೇಲೆ ಕೊಲೆಯ ಮೊಕದ್ದಮೆ ನಡೆಯಿತು.

ಎಕ್ಸಿಟರಿನ ಜ್ಯೂರಿಯು ಸಂಗತಿಗಳನ್ನಷ್ಟೇ ನಿರ್ಣಯಿಸಿ ಉಳಿದುದನ್ನು ಮೇಲಿನ ನ್ಯಾಯಾಧೀಶರಿಗೆ ಬಿಟ್ಟಿತು. ಆ ಸಂಗತಿಗಳು ಆರೋಪಿಗಳಿಗೆ ತುಂಬ ಅನುಕೂಲವಾಗಿದ್ದುವು: ಹುಡುಗನನ್ನು ತಿನ್ನದಿದ್ದರೆ ಅವರು ಬಹುಶಃ ಬದುಕುತ್ತಿರಲಿಲ್ಲ, ಹುಡುಗನು ಬಹುಶಃ ಅವರಿಗಿಂತ ಮುಂಚೆ ಸಾಯುತ್ತಿದ್ದನು. ಒಂದು ಜೀವಕ್ಕೆ ಮೂರು ಜೀವ, ಅದೂ ಸಾಯಲಿದ್ದ ಜೀವಕ್ಕೆ. ಲೆಕ್ಕದ ಪುಸ್ತಕದಲ್ಲಿ ಇದಕ್ಕಿಂತ ಸ್ಪಷ್ಟವಾದ ಲಾಭ ಇನ್ನೊಂದಿರಲಾರದು. ಆದರೂ ೧೮೮೪ರ ಡಿಸೆಂಬರ್ ೯ರಂದು ಮುಖ್ಯ ನ್ಯಾಯಮೂರ್ತಿ ಲಾರ್ಡ್ ಕೋಲ್‌ರಿಡ್ಜ್ ಅವರು ಇದು ಕೊಲೆಯೇ ಹೊರತು ಬೇರೆಯಲ್ಲವೆಂದು ತೀರ್ಪಿತ್ತರು. ಯಾರ ಜೀವಕ್ಕೆ ಎಷ್ಟು ಬೆಲೆಯೆಂಬುದನ್ನು ಅಳೆಯುವವರು ಯಾರು? ಅಳತೆಗೋಲು ಯಾವುದು? ದೇಹಬಲವೇ, ಬುದ್ಧಿಬಲವೇ? ಆ ದೋಣಿಯಲ್ಲಿ ಆಯ್ಕೆಯಾದವನು ಎಲ್ಲರಿಗಿಂತ ಎಳೆಯವನು, ಎಲ್ಲರಿಗಿಂತ ದುರ್ಬಲನು, ಎದುರಿಸಲಾರದವನು. ಬೆಳೆದ ಮೂವರಲ್ಲಿ ಒಬ್ಬನನ್ನು ಕೊಲ್ಲುವುದಕ್ಕಿಂತ ಅವನನ್ನು ಕೊಲ್ಲುವುದು ಹೆಚ್ಚು ‘ಅವಶ್ಯಕ’ವಾಗಿತ್ತೇ? ಪ್ರಾಣವನ್ನು ಉಳಿಸಿಕೊಳ್ಳುವುದು ಸಾಮಾನ್ಯವಾಗಿ ಕರ್ತವ್ಯವೇ. ಆದರೆ ಅದನ್ನು ಒಪ್ಪಿಸುವುದೇ ಹಿರಿಯ ಕರ್ತವ್ಯವಾಗುವ ಸಮಯಗಳುಂಟು, ಕಪ್ತಾನನಿಗೆ ತನ್ನ ನಾವಿಕರ ವಿಷಯದಲ್ಲಿ ವಿಶೇಷವಾಗಿ ಉಂಟು — ಇದು ತೀರ್ಪಿನ ಸಾರ. ತೀರ್ಪಿತ್ತವರು ತಮ್ಮನ್ನು ಹೊಗಳಿಕೊಳ್ಳಲಿಲ್ಲವೆಂಬುದೂ ಗಮನಾರ್ಹ. ಆ ಪ್ರಲೋಭನೆಯನ್ನು ತಾವೇ ಗೆಲ್ಲುತ್ತಿದ್ದೆವೋ ಇಲ್ಲವೋ, ಆದರೂ ನಿಯಮವನ್ನು ತಮ್ಮ ಎಟುಕಿನ ಮಟ್ಟಕ್ಕೆ ಇಳಿಸುವ ಅಧಿಕಾರ ತಮಗಿಲ್ಲವೆಂಬ ಭಾವ ಅವರ ಮಾತಿನಲ್ಲಿದೆ.

ಇಲ್ಲಿ ಒಂದು ಆಕ್ಷೇಪ ಸಹಜವಾಗಿ ಏಳುತ್ತದೆ. ಭಾರತದ ದಂಡ ಸಂಹಿತೆಯೇ ಇದಕ್ಕಿಂತ ೨೪ ವರ್ಷ ಮುಂಚೆ ಬೇರೊಬ್ಬ ಕಪ್ತಾನನ ಉದಾಹರಣೆಯನ್ನು ಕೊಟ್ಟಿತ್ತು. ೮೧ನೆಯ ವಿಧಿಯ ಕೆಳಗಿನ ಆ ದೃಷ್ಟಾಂತದಲ್ಲಿ ಉಗಿಹಡಗಿನ ಕಪ್ತಾನನೊಬ್ಬನಿಗೆ, ತನ್ನ ತಪ್ಪಿಲ್ಲದೆಯೇ, ಇಪ್ಪತ್ತು ಮೂವತ್ತು ಜನರಿರುವ ದೋಣಿಯೊಂದು ಎದುರಾಗುತ್ತದೆ. ಹಡಗನ್ನು ನಿಲ್ಲಿಸಲು ಸಮಯವಿಲ್ಲ. ದಿಕ್ಕು ಬದಲಿಸಿದರೆ ಇಬ್ಬರೇ ಇರುವ ಇನ್ನೊಂದು ದೋಣಿಗೆ ಬಡಿಯುವ ಅಪಾಯವಿದೆ. ಅವನು ಹೆಚ್ಚು ಜನರನ್ನು ಉಳಿಸುವ ಸದುದ್ದೇಶದಿಂದ ದಿಕ್ಕು ಬದಲಿಸಿದರೆ, ಆ ಇಬ್ಬರ ದೋಣಿ ಮುಳುಗಿದರೂ ಅಪರಾಧಿಯಲ್ಲ. ಸಂಖ್ಯೆಯ ಲೆಕ್ಕ ಇಲ್ಲಿ ಒಪ್ಪಿತವಾದರೆ ಡಡ್ಲಿಯ ದೋಣಿಯಲ್ಲಿ ಏಕೆ ಒಪ್ಪಿತವಾಗಬಾರದು?

ಎರಡೂ ದೃಶ್ಯಗಳನ್ನು ಕಣ್ಣ ಮುಂದೆ ತಂದುಕೊಂಡರೆ ಉತ್ತರ ಅಲ್ಲಿಯೇ ಇದೆ. ಉಗಿಹಡಗಿನ ಕಪ್ತಾನನಿಗೆ ಆ ಇಬ್ಬರ ಸಾವು ಬೇಕಾಗಿಲ್ಲ. ಅವರು ಹೇಗೋ ತಪ್ಪಿಸಿಕೊಂಡು ಪಾರಾದರೆ ಅವನ ಉದ್ದೇಶ ಕೆಡುವುದಿಲ್ಲ. ಅವನೇ ಎಲ್ಲರಿಗಿಂತ ಹೆಚ್ಚು ಸಂತೋಷಪಡುತ್ತಾನೆ. ಡಡ್ಲಿಗಾದರೋ ಹುಡುಗನ ಸಾವೇ ಬೇಕಾಗಿದ್ದುದು. ಹುಡುಗನು ಚೇತರಿಸಿಕೊಂಡು ಎದ್ದು ಕುಳಿತಿದ್ದರೆ ಅವನ ಯೋಜನೆ ಮುರಿದುಬೀಳುತ್ತಿತ್ತು. ಮೊದಲನೆಯ ಕಪ್ತಾನನು ಅಪಾಯವನ್ನು ಹಂಚುತ್ತಾನೆ. ಎರಡನೆಯವನು ಒಬ್ಬ ಮನುಷ್ಯನನ್ನು ಪದಾರ್ಥವಾಗಿ ಮಾರ್ಪಡಿಸುತ್ತಾನೆ. ಕೃತ್ಯವೊಂದು ಸಮರ್ಥನೆಯಿಂದ ಜಾರಿಹೋಗುವ ಸ್ಥಳ ಇದೇ ಎಂದು ತೋರುತ್ತದೆ. ಸಮರ್ಥನೆಯೆಂದರೆ ಯಾರೋ ಒಬ್ಬರ ಮುಂದೆ ಇರಿಸುವ ವಾದ. ಯಾರ ಮುಂದೆ? ಜ್ಯೂರಿಯ ಮುಂದೆ, ಊರಿನ ಮುಂದೆ ಇರಿಸುವುದು ಆಮೇಲಿನ ಮಾತು. ಯಾರ ಮೇಲೆ ಕೃತ್ಯವು ನಡೆಯುವುದೋ ಅವನ ಮುಂದೆ ಅದು ಮೊದಲು ನಿಲ್ಲಬೇಕು. ಸಣ್ಣ ದೋಣಿಯ ಇಬ್ಬರಿಗೆ ಕಪ್ತಾನನು ತನ್ನ ಕಾರಣವನ್ನು ವಿವರಿಸಬಹುದು. ಅವರು ದುಃಖದಿಂದಲಾದರೂ, ತಾವು ಅವನ ಸ್ಥಾನದಲ್ಲಿದ್ದರೆ ಹಾಗೆಯೇ ಮಾಡುತ್ತಿದ್ದೆವೆಂದು ಒಪ್ಪುವುದು ಕಲ್ಪನೆಗೆ ಮೀರಿದುದಲ್ಲ. ‘ನಿನಗೆ ಹಿಂದೆ ಮುಂದೆ ಯಾರೂ ಇಲ್ಲ, ಆದುದರಿಂದ ನೀನು ನಮ್ಮ ಆಹಾರ’ ಎಂಬ ಮಾತನ್ನು ಆ ತಬ್ಬಲಿ ಹುಡುಗನು ಒಪ್ಪಲೇಬೇಕಾದ ವಾದವೆಂದು ಯಾರು ಹೇಳಿಯಾರು? ಡಡ್ಲಿ ಅವನಿಗೆ ಕಾಲ ಬಂದಿತೆಂದು ತಿಳಿಸಿದನು. ಏಕೆ ಅವನದೇ ಕಾಲ ಬಂದಿತೆಂಬುದನ್ನು ತಿಳಿಸಲಿಲ್ಲ. ತಿಳಿಸುವ ಮಾತೇ ಇರಲಿಲ್ಲ.

ಇನ್ನೊಂದು ಸೂಕ್ಷ್ಮವಿದೆ. ಚಾಕು ಹಿಡಿಯುವ ಮುನ್ನ ಡಡ್ಲಿ ಬೇಡಿದುದು ಕ್ಷಮೆಯನ್ನು. ನ್ಯಾಯವಾದುದಕ್ಕೆ ಯಾರೂ ಮುಂಗಡವಾಗಿ ಕ್ಷಮೆ ಬೇಡುವುದಿಲ್ಲ. ರೋಗಿಯ ಹುಣ್ಣನ್ನು ಕೊಯ್ಯುವ ವೈದ್ಯನು ದೇವರಲ್ಲಿ ಕೈಗುಣ ಬೇಡಿಯಾನು, ಪಾಪಪರಿಹಾರ ಬೇಡನು. ದಡ ಸೇರಿದ ಮೇಲೆ ಡಡ್ಲಿ ತಾನು ಮಾಡಿದುದು ಅನಿವಾರ್ಯವೆಂದೇ ವಾದಿಸಿದನು, ಶಿಕ್ಷೆಯು ಅನ್ಯಾಯವೆಂದೇ ನಂಬಿದನು. ಆದರೆ ನಡುಗಡಲಿನಲ್ಲಿ, ಸಾಕ್ಷಿಯಾಗಿ ದೇವರು ಮಾತ್ರ ಇದ್ದಾಗ, ಅವನ ಪ್ರಾರ್ಥನೆಯು ಅವನ ವಕೀಲನಿಗಿಂತ ಹೆಚ್ಚು ನಿಜವನ್ನು ನುಡಿದಿತ್ತು.

ಹಸಿವಿನ ದೋಣಿಯಲ್ಲಿ ಕನಿಕರಕ್ಕೆ ಎಡೆಯುಂಟು. ಹಸಿವಿಲ್ಲದೆ, ಭಯವೂ ಇಲ್ಲದೆ, ಅಧಿಕಾರದ ಆಸನದಿಂದ ಹುಟ್ಟುವ ಸಮರ್ಥನೆಯ ರೂಪವು ಬೇರೆ. ಅದನ್ನು ನೋಡಲು ಭಾರತೀಯರು ಸಮುದ್ರ ದಾಟಬೇಕಾಗಿಲ್ಲ. ೧೯೧೯ರ ಏಪ್ರಿಲ್ ೧೩ರ ವೈಶಾಖಿಯಂದು ಅಮೃತಸರದ ಜಲಿಯನ್‌ವಾಲಾ ಬಾಗಿನಲ್ಲಿ ಡೈಯರನು ಎಚ್ಚರಿಕೆಯ ಒಂದು ಮಾತನ್ನೂ ಆಡದೆ, ಗೋಡೆಗಳ ನಡುವೆ ಸಿಕ್ಕಿದ್ದ ನಿರಾಯುಧ ಜನರ ಮೇಲೆ ೫೦ ಬಂದೂಕುಗಳಿಂದ ೧,೬೫೦ ಗುಂಡುಗಳನ್ನು ಹಾರಿಸಿದನು. ಸರ್ಕಾರದ ಲೆಕ್ಕದಂತೆಯೇ ಸತ್ತವರು ೩೭೯. ಕಾಂಗ್ರೆಸ್ಸಿನ ವಿಚಾರಣೆಯು ಕೊಟ್ಟ ಸಂಖ್ಯೆ ಅದಕ್ಕಿಂತ ಬಹಳ ಹೆಚ್ಚು. ಅದೇ ವರ್ಷದ ನವೆಂಬರಿನಲ್ಲಿ ಹಂಟರ್ ಸಮಿತಿಯ ಮುಂದೆ ಅವನು ಕೊಟ್ಟ ಹೇಳಿಕೆಯು ಈ ವಿಷಯದ ಅಧ್ಯಯನಕ್ಕೆ ಒಂದು ಪಠ್ಯದಂತಿದೆ. ಅವನು ವಿನಾಯಿತಿಯನ್ನು ಬೇಡಲಿಲ್ಲ. ಬೆದರಿದೆನೆಂದಾಗಲಿ, ತಪ್ಪು ತಿಳಿದೆನೆಂದಾಗಲಿ ಹೇಳಲಿಲ್ಲ. ಗುಂಡು ಹಾರಿಸದೆಯೂ ಗುಂಪನ್ನು ಚದುರಿಸಬಹುದಾಗಿತ್ತೆಂದು ಒಪ್ಪಿಕೊಂಡನು. ತನ್ನ ಗುರಿ ಚದುರಿಸುವುದಷ್ಟೇ ಅಲ್ಲ, ಇಡೀ ಪಂಜಾಬಿನ ಮೇಲೆ ಒಂದು ‘ನೈತಿಕ ಪರಿಣಾಮ’ವನ್ನು ಉಂಟುಮಾಡುವುದು ಎಂದನು. ಓಣಿ ಅಗಲವಾಗಿದ್ದು ಯಂತ್ರಬಂದೂಕಿನ ವಾಹನಗಳು ಒಳಗೆ ಹೋಗುವಂತಿದ್ದರೆ ಅವುಗಳನ್ನೂ ಬಹುಶಃ ಬಳಸುತ್ತಿದ್ದೆನೆಂದನು. ಗಾಯಗೊಂಡವರನ್ನು ನೋಡಿಕೊಳ್ಳುವುದು ತನ್ನ ಕೆಲಸವಲ್ಲ, ಆಸ್ಪತ್ರೆಗಳು ತೆರೆದಿದ್ದುವು ಎಂದನು.

‘ನೈತಿಕ ಪರಿಣಾಮ’ ಎಂಬ ಪದಗಳ ಒಳಗನ್ನು ನೋಡಬೇಕು. ಬಾಗಿನಲ್ಲಿ ಬಿದ್ದವರು ಅಲ್ಲಿ ಏನನ್ನು ಮಾಡಿದ್ದರೆಂಬುದು ಈ ವಾದಕ್ಕೆ ಬೇಕಾಗಿಯೇ ಇಲ್ಲ. ಅವರು ಲಾಹೋರಿನವರಿಗೆ, ಗುಜ್ರಾನ್‌ವಾಲಾದವರಿಗೆ ಕಳುಹಿಸಬೇಕಾದ ಒಂದು ಪತ್ರದ ಕಾಗದ, ಅಷ್ಟೇ. ಡಡ್ಲಿಗೆ ಹುಡುಗನು ಆಹಾರವಾದಂತೆ ಡೈಯರನಿಗೆ ಆ ಜನಸ್ತೋಮವು ಪಾಠದ ಹಲಗೆಯಾಯಿತು. ಆದರೂ ಸಮರ್ಥಕರಿಗೆ ಬರವಿರಲಿಲ್ಲ. ೧೯೨೦ರಲ್ಲಿ ಸರ್ಕಾರವು ಅವನನ್ನು ಹುದ್ದೆಯಿಂದ ಇಳಿಸಿತು. ಕಾಮನ್ಸ್ ಸಭೆಯು ಸರ್ಕಾರದ ಕ್ರಮವನ್ನು ಎತ್ತಿಹಿಡಿಯಿತು. ಆದರೆ ಲಾರ್ಡ್ಸ್ ಸಭೆಯು ೮೬ಕ್ಕೆದುರಾಗಿ ೧೨೯ ಮತಗಳಿಂದ ಅವನ ಪರವಾಗಿ ನಿಂತಿತು. ಇಂಗ್ಲೆಂಡಿನ ಒಂದು ಪತ್ರಿಕೆ ಅವನಿಗಾಗಿ ನಿಧಿ ಕೂಡಿಸಿತು. ೨೬,೦೦೦ ಪೌಂಡಿಗೂ ಹೆಚ್ಚು ಹಣ ಸೇರಿತು. ಮತಗಳಿಂದಲೂ ಹಣದಿಂದಲೂ ಒಂದು ಕೃತ್ಯವು ಸಮರ್ಥನೀಯವಾಗುವುದಿಲ್ಲವೆಂಬುದಕ್ಕೆ ಬೇರೆ ನಿದರ್ಶನ ಬೇಕಿಲ್ಲ. ಚಂದಾ ಕೊಟ್ಟವರಾರೂ ತಮ್ಮ ವಾದವನ್ನು ಆ ಬಾಗಿನ ಬಾವಿಯ ಬಳಿ ನಿಂತು ಹೇಳಲಿಲ್ಲ.

ಪ್ರಮಾಣದಲ್ಲಿ ಇದಕ್ಕೆ ಹೋಲಿಕೆಯೇ ಸಲ್ಲದ, ಆದರೆ ವಾದದ ಆಕಾರದಲ್ಲಿ ಇದಕ್ಕೆ ಸಮೀಪವಾದ ಒಂದು ಸಂಗತಿ ವಿದ್ಯಾಸಂಸ್ಥೆಗಳಲ್ಲಿಯೇ ಉಂಟು. ಶಿಕ್ಷಕರ ಮುಂದೆ ಅದನ್ನು ಹೇಳದೆ ಬಿಡುವುದು ಸರಿಯಲ್ಲ. ‘ಒಬ್ಬನಿಗೆ ಬಿದ್ದರೆ ಉಳಿದವರು ಸರಿಯಾಗುತ್ತಾರೆ’ ಎಂಬ ನಂಬಿಕೆಯಿಂದ ಬೆತ್ತ ಎತ್ತಿದ ಕೈಗಳು ಎಷ್ಟೋ. ದಂಡಕ್ಕೆ ಹತ್ತು ಗುಣಗಳೆಂಬ ಹಳೆಯ ಮಾತೂ ಅದಕ್ಕೆ ಒತ್ತಾಸೆಯಾಗಿತ್ತು. ಮಕ್ಕಳ ಶಿಕ್ಷಣದ ಹಕ್ಕಿನ ೨೦೦೯ರ ಕಾಯಿದೆಯು ತನ್ನ ೧೭ನೆಯ ವಿಧಿಯಲ್ಲಿ ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿತು. ನಿಷೇಧವು ಬಂದ ಮೇಲೆ ಅನೇಕ ಹಿರಿಯ ಶಿಕ್ಷಕರು ಅಸಮಾಧಾನಗೊಂಡುದು ಸಹಜವೇ. ತಮ್ಮ ಗುರುಗಳು ಹೊಡೆದುದರಿಂದಲೇ ತಾವು ಮನುಷ್ಯರಾದೆವೆಂದು ಹೇಳುವ ಹಳೆಯ ವಿದ್ಯಾರ್ಥಿಗಳೂ ಕಡಿಮೆಯಿಲ್ಲ. ಆ ಗುರುಗಳ ಪ್ರೀತಿಯನ್ನು ಶಂಕಿಸಬೇಕಾಗಿಲ್ಲ. ಅವರ ಅನ್ನದಲ್ಲಿ, ಅಕ್ಷರದಲ್ಲಿ, ರಾತ್ರಿಯ ಪಾಠದಲ್ಲಿ ಆ ಪ್ರೀತಿ ಇದ್ದೇ ಇತ್ತು. ಆದರೆ ವಿಚಾರಿಸಬೇಕಾದುದು, ಪೆಟ್ಟು ತಿಂದು ಮನುಷ್ಯನಾದವನನ್ನಲ್ಲ. ಪೆಟ್ಟು ತಿಂದು ಶಾಲೆಯನ್ನೇ ಬಿಟ್ಟುಹೋದವನನ್ನು. ಅವನು ಹಳೆಯ ವಿದ್ಯಾರ್ಥಿಗಳ ಸಮ್ಮೇಳನಕ್ಕೆ ಬರುವುದಿಲ್ಲ, ಸ್ಮರಣ ಸಂಚಿಕೆಗೆ ಲೇಖನ ಬರೆಯುವುದಿಲ್ಲ. ಅವನ ಸಾಕ್ಷ್ಯವಿಲ್ಲದೆಯೇ ಬೆತ್ತದ ಪರವಾಗಿ ತೀರ್ಪು ಹೊರಬೀಳುತ್ತದೆ.

ಹಾಗೆಂದು ಪ್ರತಿಯೊಂದು ಸಂದರ್ಭದಲ್ಲಿಯೂ ಶುದ್ಧವಾದ ದಾರಿಯೊಂದು ಇದ್ದೇ ಇರುತ್ತದೆಂದು ಹೇಳಿದರೆ ಅದು ಬದುಕನ್ನು ಅರಿಯದ ಮಾತಾದೀತು. ಭಾರತೀಯ ಪರಂಪರೆ ಇದನ್ನು ಚೆನ್ನಾಗಿ ಬಲ್ಲುದು. ವ್ಯಾಸಭಾರತದ ದ್ರೋಣಪರ್ವದಲ್ಲಿ ಧರ್ಮರಾಯನು ಅಶ್ವತ್ಥಾಮನ ಸಾವಿನ ಸುದ್ದಿಯನ್ನು ಗಟ್ಟಿಯಾಗಿಯೂ ಸತ್ತುದು ಆನೆಯೆಂಬುದನ್ನು ಅಸ್ಪಷ್ಟವಾಗಿಯೂ ನುಡಿಯುತ್ತಾನೆ. ಒತ್ತಾಯಿಸಿದವನು ಸಾಕ್ಷಾತ್ ಕೃಷ್ಣ. ಎದುರಿಗೆ ತನ್ನ ಸೈನ್ಯವೆಲ್ಲ ನಾಶವಾಗುತ್ತಿದೆ. ಇದಕ್ಕಿಂತ ದೊಡ್ಡ ಕಾರಣವೇನು ಬೇಕು? ಆದರೂ ಅದುವರೆಗೆ ನೆಲದಿಂದ ನಾಲ್ಕು ಬೆರಳು ಮೇಲೆ ನಿಲ್ಲುತ್ತಿದ್ದ ಅವನ ರಥವು ಆ ಕ್ಷಣದಲ್ಲಿ ನೆಲಕ್ಕೆ ತಾಗಿತೆಂದು ಕವಿ ಹೇಳುತ್ತಾನೆ. ಕೊನೆಯಲ್ಲಿ ಸ್ವರ್ಗಕ್ಕೆ ಹೋದವನಿಗೆ ಅದೇ ವಂಚನೆಯ ಫಲವಾಗಿ ನರಕದರ್ಶನವನ್ನೂ ಮಾಡಿಸುತ್ತಾನೆ. ಯುದ್ಧವನ್ನು ಗೆಲ್ಲಿಸಿದ ಮಾತನ್ನು ಕವಿಯು ಸಮರ್ಥಿಸಲಿಲ್ಲ. ಹಾಗೆಂದು ಧರ್ಮರಾಯನನ್ನು ಧರ್ಮರಾಯನಲ್ಲವೆಂದೂ ಹೇಳಲಿಲ್ಲ. ರಥವನ್ನು ನಾಲ್ಕು ಬೆರಳು ಇಳಿಸಿದನು, ಅಷ್ಟೇ. ಆ ಅಳತೆಯ ಹದವನ್ನು ಎಷ್ಟು ಮೆಚ್ಚಿದರೂ ಸಾಲದು.

ಕ್ಷಮೆಗೂ ಸಮರ್ಥನೆಗೂ ಒಂದೇ ಪೀಠದಲ್ಲಿ ಇಂಬಿಲ್ಲವೆಂಬುದು ಇದರಿಂದ ತಿಳಿದೀತು. ಸರಿಯಾದುದನ್ನು ಯಾರೂ ಕ್ಷಮಿಸಬೇಕಾಗಿಲ್ಲ. ಕ್ಷಮಿಸುವುದಕ್ಕೆ ಮೊದಲು ಅದು ತಪ್ಪಾಗಿಯೇ ಉಳಿಯಬೇಕು. ಡೈಯರನನ್ನು ಎತ್ತಿ ಆಡಿಸಿದವರು ಅವನಿಗೆ ಪಶ್ಚಾತ್ತಾಪದ ಬಾಗಿಲನ್ನೇ ಮುಚ್ಚಿದರು. ಅವನು ೧೯೨೭ರಲ್ಲಿ ತೀರಿಕೊಂಡನು. ನೂರು ವರ್ಷಗಳಾದ ಮೇಲೆ, ೨೦೧೯ರ ಏಪ್ರಿಲಿನಲ್ಲಿ, ಬ್ರಿಟನ್ನಿನ ಪ್ರಧಾನಿಯು ಅಲ್ಲಿಯ ಸಂಸತ್ತಿನಲ್ಲಿ ವಿಷಾದವನ್ನು ವ್ಯಕ್ತಪಡಿಸಿದರು; ಕ್ಷಮೆ ಯಾಚಿಸಲಿಲ್ಲ. ಆ ಎರಡು ಪದಗಳ ನಡುವಣ ಅಂತರವು ಇನ್ನೂ ತುಂಬಿಲ್ಲ.

ಡಡ್ಲಿ ಮತ್ತು ಸ್ಟೀಫನ್ಸರ ವಿಷಯ ಬೇರೆ ರೀತಿಯಾಗಿ ಮುಗಿಯಿತು. ಕೊಲೆಗೆ ಶಾಸನವು ವಿಧಿಸಿದ್ದ ಒಂದೇ ಶಿಕ್ಷೆಯಾದ ಮರಣದಂಡನೆಯನ್ನು ನ್ಯಾಯಾಲಯವು ವಿಧಿಸಿತು. ರಾಣಿಯ ಹೆಸರಿನಲ್ಲಿ ಸರ್ಕಾರವು ಅದನ್ನು ಆರು ತಿಂಗಳ ಸೆರೆವಾಸಕ್ಕೆ ಇಳಿಸಿತು. ಕೃತ್ಯಕ್ಕೆ ಅದರ ನಿಜವಾದ ಹೆಸರನ್ನು ಕೊಟ್ಟು, ಮನುಷ್ಯನಿಗೆ ಅವನ ಸಂಕಟಕ್ಕೆ ತಕ್ಕ ಕರುಣೆಯನ್ನು ತೋರಿದುದು ಇದರ ತಾತ್ಪರ್ಯ. ಒಂದೇ ತೀರ್ಪಿನಲ್ಲಿ ಎರಡನ್ನೂ ಬೆರೆಸಿ ‘ಕೊಲೆಯಲ್ಲ’ ಎಂದುಬಿಟ್ಟಿದ್ದರೆ ಕರುಣೆಗೂ ಕೆಲಸವಿರುತ್ತಿರಲಿಲ್ಲ, ಸತ್ತ ಹುಡುಗನಿಗೂ ಲೆಕ್ಕವಿರುತ್ತಿರಲಿಲ್ಲ.

ಇಂಗ್ಲೆಂಡಿನ ಸೌಥಾಂಪ್ಟನ್ನಿನಲ್ಲಿ, ಹುಡುಗನ ಊರಿನ ಇಗರ್ಜಿಯ ಅಂಗಳದಲ್ಲಿ ರಿಚರ್ಡ್ ಪಾರ್ಕರನ ಹೆಸರಿನ ಒಂದು ಕಲ್ಲು ಇದೆ. ಅವನ ವಯಸ್ಸು, ದೋಣಿಯಲ್ಲಿ ಪಟ್ಟ ಯಾತನೆ, ತೀರಿಕೊಂಡ ದಿನ ಅದರ ಮೇಲಿವೆ. ಕೆಳಗೆ ಬೈಬಲಿನಿಂದ ತೆಗೆದ ಎರಡು ವಾಕ್ಯಗಳು. ಮೊದಲನೆಯದು, ತನ್ನನ್ನು ಕೊಂದರೂ ದೇವರಲ್ಲಿ ನಂಬಿಕೆಯನ್ನು ಬಿಡದ ಯೋಬನದು. ಎರಡನೆಯದು, ಕಲ್ಲೆಸೆತಕ್ಕೆ ಸಿಕ್ಕಿ ಸಾಯುತ್ತಿದ್ದ ಸ್ತೆಫನನೆಂಬ ಭಕ್ತನು ಕೊಲ್ಲುತ್ತಿದ್ದವರಿಗಾಗಿ ಮಾಡಿದ ಪ್ರಾರ್ಥನೆ. ಆ ಪ್ರಾರ್ಥನೆಯು ನಡೆದುದನ್ನು ಪಾಪವೆಂದೇ ಕರೆಯುತ್ತದೆ, ಮತ್ತು ಅದನ್ನು ಅವರ ಲೆಕ್ಕಕ್ಕೆ ಬರೆದುಕೊಳ್ಳಬೇಡವೆಂದು ದೇವರನ್ನು ಬೇಡುತ್ತದೆ.